ಎಂಟು ಖಣ

ಸೋಲಾಪುರ, ಅಕ್ಕಲಕೋಟ ರೋಡು. ಮಗ್ಗಗಳಿಗೆ ಇಂದು ಸೂಟಿ.
ವಾರವಿಡೀ ಒದರಿ ಸುಮ್ಮನಾದ ಶೆಡ್ಡಿನಲ್ಲಿ
ಗೊರಗುಡುವುದು ಒಂದೇ:
ಹಳೇ ಪೆಟ್ಟಿಗೆಯ ಹಿಂದಿನ ಫ್ಯಾನು.
ಅದರೊಳಗೆ ನಲವತ್ತು ವರ್ಷದ ಚಾದರ.

ಬಟ್ಟೆಯಲ್ಲ, ನಕ್ಷೆ.
ನವಿಲು, ಡಮರು, ಜೋಡಿ ಹಂಸ,
ಒಂದೇ ಸಲ ನೇಯ್ದ ಯಾರದೋ ಲಗ್ನದ ಹೆಸರು.
ಎಂಟು ಡಿಸ್ಕು ಕೂಡಿ ಒಂದು ಪೂಲು.
ಯಾವ ನವಿಲೂ ಒಂದರಲ್ಲೇ ಪೂರ್ತಿ ಇಲ್ಲ,
ಕಣ್ಣು ಒಂದು ಕಡೆ, ಗರಿ ಮೂರು ಕಡೆ.
ಎರಡು ಡಿಸ್ಕು ಸತ್ತರೂ ನವಿಲು ಬದುಕುತ್ತದೆ.
ಮೂರು ಸತ್ತರೆ
ನಾವಷ್ಟೇ ಉಳಿಯುತ್ತೇವೆ.

ಅದಕ್ಕೇ ನಿನ್ನೆ ಪ್ರತಿ ತೆಗೆದು ಸಾಹುಕಾರರ ಮನೆಗೆ ಕಳಿಸಿದೆ.
ಕಳಿಸಿ ಸುಮ್ಮನಾಗಲಿಲ್ಲ, ಅಲ್ಲಿಂದಲೇ ಮೂರು ನಕ್ಷೆ ತೆರೆದು ನೋಡಿದೆ.
ತೆರೆಯದ ಪ್ರತಿ ಬರೀ ನಂಬಿಕೆ.

ಅಂಬಾದಾಸ ಮಾಮಾ ಸ್ಟೂಲು ಎಳೆದುಕೊಂಡು ಕೂತ.
ಯೆಮುಲ ಮನೆತನ, ಮನೆಯೊಳಗೆ ತೆಲುಗು, ನನ್ನೊಡನೆ ಕನ್ನಡ,
ಸಿಟ್ಟು ಬಂದರೆ ಮರಾಠಿ.
ರಟ್ಟಿನ ಕಾರ್ಡುಗಳಿಗೆ ದಾರ ಪೋಣಿಸಿದ ಕೈ.
"ಎರಡು ಸಾವಿರದ ನಾನೂರು ಕಾರ್ಡು, ತಂಗಿ.
ಒಂದು ಹಿಂದುಮುಂದಾತು. ನವಿಲಿನ ಕುತ್ತಿಗಿ ಮುರೀತು.
ಎಂಬತ್ತು ಚಾದರ. ಪಗಾರ ಕತ್ತರಿಸಿದ್ರು,
ಒಂದು ಚಾದರ ನನಗ ಕೊಟ್ರು.
ಈಗೂ ಅದನ್ನ ಹೊಚಗೊಂತೀನಿ."

ನಾನು ಪೂಲಿಗೆ ಹೇಳಿದೆ: ಗಂಟು ಕಟ್ಟು, ಹೊರಡು.
ಅದು ಒಲ್ಲೆ ಅಂತು.
ಎಲ್ಲೋ ಒಂದು ಫೈಲು ಇನ್ನೂ ತೆರೆದೇ ಇತ್ತು.
ಸುಜಾತಾಳ ಯಂತ್ರ. ಅವಳೋ ಜತ್ತಿನಲ್ಲಿ, ಲಗ್ನದ ಊಟಕ್ಕೆ.
"ಬಂದ್ ಮಾಡಕ್ಕಾ, ಏನೂ ಇಲ್ಲ ಅದರಾಗ."
ಜಬರ್ದಸ್ತಿ ಮಾಡಬಹುದಿತ್ತು, ಒಂದೇ ಪದ ಸಾಕು.
ಎದ್ದು ಹೋಗಿ ನೋಡಿದೆ:
ಅರ್ಧ ಬಿಡಿಸಿದ ಅಂಚು, ಎಲ್ಲೂ ಉಳಿಸಿಲ್ಲ,
ಹುಣಸೆ ಎಲೆಯಂಥ ಸಣ್ಣ ಸಾಲು.
ಉಳಿಸಿದೆ. ಮುಚ್ಚಿದೆ.
ಆಮೇಲೆ ಪೂಲು ತಾನೇ ಬಿಟ್ಟುಕೊಟ್ಟಿತು.

ಸ್ವಿಚ್ಚು ಆರಿಸಿ ಹತ್ತು ನಿಮಿಷ ಕಾದೆವು,
ಒಳಗಿನ ತಿರುಗು ನಿಂತು ಬಿಸಿ ಇಳಿಯಲಿ ಎಂದು.
ಫ್ಯಾನು ನಿಂತಾಗ ಶೆಡ್ಡು ಎಷ್ಟು ದೊಡ್ಡದೆಂದು ಗೊತ್ತಾಯಿತು.

ಒಂದೊಂದನ್ನೇ ಎಳೆದು, ಬೆನ್ನ ಮೇಲಿನ ಕೊನೇ ನಾಲ್ಕು ಅಂಕಿ
ಪಟ್ಟಿಯ ಮೇಲೆ ಬರೆದು ಅಂಟಿಸಿದೆ.
ಮಾಮಾ ಎರಡೂ ಕೈಯಲ್ಲಿ ಒಯ್ದ.
"ಯಾವ ಖಣಕ್ಕ ಯಾವುದು?"
"ಯಾವ ಖಣಕ್ಕಾದ್ರೂ ನಡೀತದ ಮಾಮಾ.
ಒಂದನ್ನೊಂದು ಅವೇ ಗುರುತು ಹಿಡೀತಾವ."
"ಮತ್ತ ನಂಬರ ಯಾಕ ಬರದಿ?"
"ನಾಳೆ ಒಂದು ಸತ್ರ
ಬದುಕಿದ್ದನ್ನ ಕಿತ್ತಬಾರದು ಅಂತ."
ಅವನು ತಲೆದೂಗಿದ,
ಆದರೂ ಸಾಲಾಗಿಯೇ ಇಟ್ಟ. ಇಡಲಿ ಬಿಟ್ಟೆ.

ಹನ್ನೆರಡು ಖಣದ ಹೊಸ ಪೆಟ್ಟಿಗೆ ಕಣ್ಣು ಬಿಟ್ಟಿತು.
ಎಣಿಸಿದೆ. ಏಳು.
4417 ಕಾಣಲಿಲ್ಲ.
ಏಳರಲ್ಲೂ ಪೂಲು ತೆರೆಯುತ್ತದೆ, ಕುಂಟುತ್ತಾ.
ತೆರೆಯಲಿಲ್ಲ.
ಆರಿಸಿ, ಹೊರತೆಗೆದು ಬಾಯಿಗೆ ಹಿಡಿದ ಟಾರ್ಚಿನಲ್ಲಿ ನೋಡಿದರೆ
ಖಣದ ತಳದಲ್ಲಿ ಹತ್ತಿಯ ಎಳೆ,
ಯಾರ ಅಂಗಿಯಿಂದಲೋ ಬಂದದ್ದು, ಈ ಊರಿನಲ್ಲಿ ಅದು ಗಾಳಿ.
ಎಳೆ ಬ್ರಶ್ಶಿನಿಂದ ತೆಗೆದೆ, ಡಿಸ್ಕನ್ನು ಹನ್ನೊಂದಕ್ಕೆ ಹಾಕಿದೆ.
ಸಾಲು ಮುರಿಯಿತು. ಮಾಮಾ ಕಣ್ಣು ಮುಚ್ಚಿಕೊಂಡ.

ಎಂಟು.

ಹೆಸರು ಹಿಡಿದು ಕರೆದೆ, ಬಂತು.
ಅವನು ಮೊದಲು ಕೇಳಿದ್ದು ಆ ನವಿಲನ್ನೇ.
ಪರದೆಗೆ ಮೂಗು ತಾಗುವಷ್ಟು ಬಗ್ಗಿ
ಕುತ್ತಿಗೆಯ ಮೇಲೆ ಬೆರಳಾಡಿಸಿದ,
ಮೇಲಿಂದ ಕೆಳಗೆ, ಮತ್ತೆ ಮೇಲಕ್ಕೆ.
ಏನೂ ಅನ್ನಲಿಲ್ಲ.

ಈಗ ಪೂಲು ತನ್ನನ್ನು ತಾನೇ ಮೊದಲಿಂದ ಓದಿಕೊಳ್ಳುತ್ತಿದೆ,
ಹನ್ನೊಂದು ಗಂಟೆಯ ಕೆಲಸ. ತಪ್ಪು: ಸೊನ್ನೆ, ಇಲ್ಲಿಯವರೆಗೆ.
ಮುಗಿಯುವತನಕ ಸಾಹುಕಾರರ ಮನೆಯ ಪ್ರತಿ ಮುಟ್ಟುವಂತಿಲ್ಲ.
ಹಳೇ ಪೆಟ್ಟಿಗೆಯ ಖಾಲಿ ಖಣದಲ್ಲಿ
ಮಾಮಾ ಕನ್ನಡಕದ ಡಬ್ಬಿ ಇಟ್ಟು ಮರೆತು ಹೋಗಿದ್ದಾನೆ.
ಪಟ್ಟಿ ಒಂದು ಉಳಿದಿತ್ತು,
ಅವನ ಹೆಸರು ಬರೆದು ಅಂಟಿಸಿದೆ.